ರೊಡ್ಡನ ಪಾಳಿ

ಬ್ಯಾಡಗಿ ಸಬ್‌ಸ್ಟೇಷನ್ನಿನ್ಯಾಗ ರಾತ್ರಿ ಪಾಳಿ ನಂದು.
ತಾಸಿಗೊಮ್ಮೆ ಎದ್ದು ಮೀಟರ್ ನೋಡಿ ಬರೀಬೇಕು,
ವೋಲ್ಟು, ಆಂಪಿಯರು, ಟ್ರಾನ್ಸ್‌ಫಾರ್ಮರಿನ ಎಣ್ಣಿ ಎಷ್ಟು ಕಾದೈತಿ.
ಉಳಿದ ಐವತ್ತು ನಿಮಿಷ
ನಾನು ಬೇಸ್‌ಬಾಲ್ ತಂಡದ ಮ್ಯಾನೇಜರ್.

ಮೈದಾನ ಇಲ್ಲ, ಮಂದಿ ಇಲ್ಲ.
ಹಳೇ ಲ್ಯಾಪ್‌ಟಾಪಿನ್ಯಾಗ ಇಪ್ಪತ್ತಾರು ಹೆಸರು,
ಒಬ್ಬೊಬ್ಬನ ಬೆನ್ನಿಗೂ ಅಂಕಿಯ ಗಂಟು.
ಓಡಿದ್ದು ಕಾಣಂಗಿಲ್ಲ, ಬಿದ್ದದ್ದು ಕಾಣಂಗಿಲ್ಲ,
ಒಂದು ಸಾಲು ಬರ್ತೈತಿ ಅಷ್ಟ: ಚೆಂಡು ಎಡಕ್ಕ ಹೋತು, ಹಿಡದ್ರು.
ಖರೇ ಆಟ ನಾನು ಇವತ್ತಿಗೂ ನೋಡಿಲ್ಲ.
ಘಾಟಿನ ಮ್ಯಾಲೆ ಮೆಣಸಿನಕಾಯಿ ದರ ಹೇಳೋ
ಕಣ್ಣಿಲ್ಲದ ದಲಾಲ ಇದ್ದಂಗ ಇದ್ದೀನಿ.

ನೇಮ ಇಷ್ಟ:
ಬಲಗೈಯಾಂವ ಒಗದ್ರ ರೊಡ್ಡನ್ನ ಇಳಸು,
ರೊಡ್ಡ ಒಗದ್ರ ಬಲಗೈಯಾಂವನ್ನ.
ಚೆಂಡು ಮೈಕಡೆ ಹೊಳ್ಳಿ ಬಂದ್ರ ಹೊಡಿಯಾಕ ಸಿಗ್ತೈತಿ,
ಮೈಬಿಟ್ಟು ಸರದ್ರ ಗಾಳಿ ಬಡದಂಗ.
ಅದಕ್ಕ ಒಂದು ಜಾಗಾಕ್ಕ ಇಬ್ಬರು.
ಹೆಸರು ಬದಲಿ ಮಾಡಾಕ ಬರ್ತೈತಿ ಆಟದಾಗ;
ಬಲಗೈಯಾಂವಗ ಮೌಲಾಲಿ ಅಂತ ಇಟ್ಟೀನಿ,
ಮುಂಜಾನೆ ಆರಕ್ಕ ಬಂದು ನನ್ನ ಕುರ್ಚಿ ಹಿಡಿಯಾಂವ.
ರೊಡ್ಡ, ಫಕ್ಕೀರೇಶ. ಅಂಥಾಂವ ಯಾರೂ ಇಲ್ಲ.

ಬಲಗೈಯಾಂವ ಒಗದಾಗ ಫಕ್ಕೀರೇಶ ಹುಲಿ.
ರೊಡ್ಡ ಒಗದಾಗ, ಪರದೆ ಮ್ಯಾಲೆ ಕೆಂಪಕ್ಷರ:
ಹನ್ನೊಂದು ಸಲ ನಿಂತಾನ, ಎರಡು ಹೊಡದಾನ.
ಹನ್ನೊಂದು!
ಹನ್ನೊಂದು ಕಾಯಿ ಮುರದು ನೋಡಿ
ಲಾರಿ ಮಾಲಿಗೆ ಬೆಲಿ ಕಟ್ಟತಾರೇನು?
ಆಟ ಖರೇದ ಹಂಗ ಐತಿ ಅಂತಾರ.
ಗಾಳಿ ಐತಿ ಅದರಾಗ, ಮೊಣಕಾಲು ನೋವು ಐತಿ.
ಬೆಂಚಿನ ಮ್ಯಾಲೆ ಕುಂತಾಂವ
ಬ್ಯಾಟಿನ ಹಿಡಿಕಿ ನೋಡ್ಕೋತ ಏನು ಅನ್ಕೋತಾನ,
ಅದಕ್ಕೊಂದು ಅಂಕಿ ಇಲ್ಲ.

ಎಂಟು ವರ್ಷದ ಹಿಂದ ದೇಸೂರ ಸಾಹೇಬ್ರು ಅಂದಿದ್ರು,
"ನಿನಗ ರಾತ್ರಿನ ಒಗ್ಗತೈತಿ ತಮ್ಮಾ."
ಹಗಲು ಪಾಳಿ ಎರಡು ವಾರ ಮಾಡಿದ್ದೆ.
ಮೋಟೆಬೆನ್ನೂರು ಫೀಡರು ಎರಡು ಸಲ ಬಿತ್ತು.
ಅಷ್ಟ.

ನಿನ್ನೆ ಒಂಬತ್ತನೇ ಪಾಳಿ, ಇಬ್ಬರು ಔಟು, ಇಬ್ಬರು ಬೇಸಿನ ಮ್ಯಾಲೆ,
ಎದುರಿನ ತಂಡ ರೊಡ್ಡನ್ನ ತಂತು ಒಗಿಯಾಕ.
ಆಟ ಕೇಳ್ತು: ಮೌಲಾಲಿನ್ನ ಇಳಸೋದೇನು?
ಅಷ್ಟರಾಗ ಊರ ಹೊರಗಿನ ಕೋಲ್ಡ್ ಸ್ಟೋರೇಜಿನ
ಕಂಪ್ರೆಸರೆಲ್ಲಾ ಒಮ್ಮೆಲೆ ಎದ್ದು ಮುಳ್ಳು ಜಿಗೀತು.
ಹೋಗಿ ಬರದೆ. ಮಾರಿ ತೊಳಕೊಂಡೆ. ಬಂದು ಕುಂತೆ.
ಬ್ಯಾಡ ಅಂತ ಒತ್ತಿದೆ.

ಮೂರು ಚೆಂಡು. ಮೂರೂ ಗಾಳಿ.
ಈಗ ಹನ್ನೆರಡಕ್ಕ ಎರಡು.
ಕೆಂಪಕ್ಷರ ಒಂದು ಕೂದಲೆಳಿಯಷ್ಟು ಖರೇ ಆತು.

ಆರಕ್ಕ ಮೌಲಾಲಿ ಬಂದ, ಸ್ವೆಟರ್ ಕಳಕೋತ
"ಏನರ ಆತೇನು ರಾತ್ರಿ?" ಅಂದ.
ಸೋತ್ವಿ ಅನ್ನೋದು ಬಾಯಿತನಕ ಬಂದಿತ್ತು.
"ಲೋಡ್ ಬರೋಬ್ಬರಿ ಐತಿ" ಅಂದು
ಎಡಗೈಲೆ ಸಹಿ ಮಾಡಿ ಎದ್ದೆ.