ನೀಲಿ ಮುಗಿದಿತ್ತು

ರೆಕಾರ್ಡ್ ಬುಕ್ಕಿನ ಹಿಂದಿನ ಹಾಳೆಗಳಲ್ಲಿ
ಎರ್ರಿಸ್ವಾಮಿ ಹನ್ನೊಂದು ಚೌಕ ಬರೆದ.
ಒಂದರಲ್ಲಿ ಕೋಟೆಗುಡ್ಡ, ಒಂದರಲ್ಲಿ ಹಾಡುವ ಬಾಯಿ,
ಉಳಿದವಕ್ಕೆಲ್ಲ ಬರೀ ಬಾಣದ ಗುರುತು.

ಹಾಡು ಮೂರು ನಿಮಿಷ ನಲವತ್ತು ಸೆಕೆಂಡು.
ಶೇಕ್ಷಾವಲಿಯದೇ ಮಾತು, ಅವನದೇ ಧಾಟಿ.
ಗ್ಯಾಸ್ ಸಿಲಿಂಡರಿನ ತಳ್ಳುಗಾಡಿಯ ಮೇಲೆ
ನಾನು ಮೊಬೈಲು ಹಿಡಿದು ಕೂತೆ,
ಹುಲಿಗೆಮ್ಮ ದಬ್ಬಿದಳು
ಒಣಹಾಕಿದ ಜೀನ್ಸಿನ ಸಾಲುಗಳ ನಡುವೆ.
ಸೊಂಟದಿಂದ ಮೇಲೆ ಯಾರೂ ಇಲ್ಲದ
ನಾನೂರು ಜೊತೆ ಕಾಲು
ಬಳ್ಳಾರಿಯ ಬಿಸಿಗಾಳಿಗೆ ಹೆಜ್ಜೆ ಹಾಕುತ್ತಿದ್ದವು.
ಕುಣಿಯುವವರನ್ನು ಬೇರೆ ಹುಡುಕಲಿಲ್ಲ.

ಆರನೇ ಟೇಕಿನಲ್ಲಿ ಅವ್ವ ಅಡ್ಡ ಬಂದಳು,
ದಾರ ಕತ್ತರಿಸುವ ಪಾಳಿ ಮುಗಿಸಿ, ಖಾಲಿ ಡಬ್ಬಿ ಹಿಡಿದು.
'ಕಟ್' ಅಂದೆ.
'ಎಲ್ಲಾ ಕಟ್ ಮಾಡೇ ಬಂದೀನಿ ಬಿಡು' ಅಂದಳು.
ಅದನ್ನು ತೆಗೆಯಲಿಲ್ಲ.

ಸಿಡಿಯ ಹೊದಿಕೆಗೂ ಅದೇ ನೀಲಿ ಬೇಕು,
ಹೊಂದಿದರೆ ಹತ್ತು ಅಂಕ, ಮೇಷ್ಟ್ರ ಹಟ.
ಜೆರಾಕ್ಸ್ ಅಂಗಡಿಯಲ್ಲಿ ನೀಲಿ ಶಾಯಿ ಮುಗಿದಿತ್ತು:
ಇಪ್ಪತ್ತೈದು ಹೊದಿಕೆ, ಇಪ್ಪತ್ತೈದೂ
ಅದಿರಿನ ಲಾರಿ ಹಾದುಹೋದಂತೆ ಕೆಂಪು.

ವಾಷಿಂಗ್ ಯೂನಿಟ್ಟಿನ ಹಿಂದಿನ ಮೋರಿಗೆ ಒಯ್ದು
ಒಂದೊಂದನ್ನೇ ಅದ್ದಿದೆವು.
ಮೊದಲು ಕರಗಿದ್ದು ನಮ್ಮ ನಾಲ್ವರ ಹೆಸರು.
ಗುಡ್ಡ ಮಾತ್ರ ಉಳಿಯಿತು,
ಕೆಂಪೂ ಅಲ್ಲದ ನೀಲಿಯೂ ಅಲ್ಲದ ನೇರಳೆಯಾಗಿ.
ಹತ್ತಕ್ಕೆ ಆರು ಕೊಟ್ಟರು.

ಮನೆಯಲ್ಲಿ ಸಿಡಿ ಹಾಕಲು ಏನೂ ಇಲ್ಲ.
ಅವ್ವ ಅದನ್ನು ಬಾಗಿಲ ಬೆಳಕಿಗೆ ತಿರುಗಿಸಿ
ಮುಖ ನೋಡಿಕೊಂಡಳು,
ಹುಬ್ಬಿಗೆ ಸಿಕ್ಕಿದ್ದ ನೀಲಿ ಎಳೆಯೊಂದನ್ನು
ಚಿವುಟಿ ತೆಗೆದಳು.
ಹಾಡು ಯಾವ ಕಡೆ ಐತಿ, ಕೇಳಿದಳು.