ನಾಕನೇ ಜ್ವರ

ಐದು ಎಂಎಂ ಪ್ಲೇಟು, ನೂಲೊಲೆಯ ಬಾಗಿಲಿಗೆ.
ತಗಡುಗತ್ತರಿ ಕಚ್ಚಿ ನೋಡಿತು, ಬಾಯಿ ಸೊಟ್ಟಗಾಯಿತು.
ಚಾಣ ಹೊಡೆದರೆ ಅಂಚು ಮುದುರುತ್ತೆ, ಅಂತ
ಶಿಡ್ಲಘಟ್ಟದ ಪೇಟೆಯಲ್ಲಿ ದಸ್ತಗೀರ್ ಸಾಬರು
ಗ್ರೈಂಡರನ್ನೇ ಬಾಡಿಗೆಗೆ ಕೊಟ್ಟರು:
‘ಹತ್ತು ನಿಮಿಷದ ಕೆಲಸ, ತಗೊಂಡ್ ಹೋಗಪ್ಪ.’

ಸ್ವಿಚ್ಚಿನ ಮೇಲೆ ಹೆಬ್ಬೆರಳು.
ಗೋಡೆಯಾಚೆಯಿಂದ ಪಿಳ್ಳಮ್ಮ:
‘ಹುಳ ನಾಕನೇ ಜ್ವರಕ್ಕೆ ಕೂತವೆ ಕಣೋ.’
ಅಷ್ಟೇ. ಬೇಡ ಅನ್ನಲಿಲ್ಲ.

ಪ್ಲಗ್ಗು ಕಿತ್ತೆ.
ಚೌಕಟ್ಟಿಗೆ ಇಪ್ಪತ್ನಾಲ್ಕು ಹಲ್ಲಿನ ಬ್ಲೇಡು ಬಿಗಿದು
ಗೀರಿಗೆ ಎರಡು ಹನಿ ಎಣ್ಣೆ ಬಿಟ್ಟೆ.
ತಳ್ಳುವಾಗ ಒತ್ತು,
ಎಳೆಯುವಾಗ ಹಗುರ.
ಮೂರು ಬ್ಲೇಡು ಹೋದವು. ಹೆಗಲೂ.

ಮಾರನೆಯ ಸಂಜೆ ಇನ್ನೂ ಗೇಣುದ್ದ ಬಾಕಿ.
ಬಾಡಿಗೆ ಮಾತ್ರ ಏರುತ್ತಿದೆ, ಮೂಲೆಯಲ್ಲಿ, ತಣ್ಣಗೆ.
ಜ್ವರ ಬಿಟ್ಟೆದ್ದ ಹುಳಗಳು
ಗೋಡೆಯಾಚೆ ಎಲೆ ಕೊಯ್ಯುತ್ತಿವೆ
ನನಗಿಂತ ಬೇಗ,
ಒಂದು ಹಲ್ಲೂ ಮುರಿಯದೆ.