ಬಿ ಬದಿಯ ಮೂರನೇ ಹಾಡು

ಸೊಲ್ಲಾಪುರದ ಪೂರ್ವಭಾಗದಾಗ ಒಂದು ಓಣಿ.
ಕೆಳಗ ಚಾದರಿನ ಮಗ್ಗ ಹದಿನಾರು,
ಮ್ಯಾಲೆ ವಿಲಾಸ ಘೋಂಗಡೆಯ ಸ್ಟುಡಿಯೊ.
ಗೋಡೆಗೆಲ್ಲ ತತ್ತಿ ಇಡೋ ರಟ್ಟು ಬಡಿದಿದ್ದ.
ನೀಲವ್ವ ಒಳಗ ಬಂದಾಕಿನೇ ಕೇಳಿದ್ಲು:
"ಕೋಳಿ ಎಲ್ಲಿ ಹೋದ್ವೋ ತಮ್ಮಾ?"

ನಾವು ಜತ್ತದ ಕಡೆಯವರು, ಗೀಗಿ ಮೇಳ.
ಮುಂದ ನೀಲವ್ವ,
ಹಿಂದ ಜೀ ಅನ್ನಾಕ ಅಕಿ ತಂಗಿ ಶಾವಂತ್ರಿ,
ದಪ್ಪಿಗೆ ಹುಸೇನಿ ಮುಲ್ಲಾ, ತುಂತುಣಿಗೆ ನಾನು.
ಮಗ್ಗ ನಿಂತಾಗಷ್ಟೇ ಹಾಡಬೇಕು.
ಕರೆಂಟ್ ಹೋದ್ರ ಮಗ್ಗ ನಿಲ್ತಾವ, ಖರೆ,
ವಿಲಾಸನ ಮಷಿನ್ನೂ ನಿಲ್ತದ.
ಹಿಂಗಾಗಿ ಊಟದ ತಾಸೇ ನಮ್ಮ ತಾಸು:
ನಾಲ್ಕು ದಿವಸ, ನಾಲ್ಕು ತಾಸು,
ಎರಡು ಬದಿಯ ಒಂದು ಕ್ಯಾಸೆಟ್ಟು.

ಒಬ್ಬೊಬ್ಬರನ್ನ ಒಂದೊಂದು ಗೂಡಿನಾಗ ಕುಂಡ್ರಿಸಿದ,
ಕಿವಿಗೆ ಬಟ್ಟಲ ಕಟ್ಟಿದ,
ಐದೂವರೆ ಮಿನಿಟು ಅಂತ ಬೆರಳು ಮಡಚಿ ತೋರಿಸಿದ.
ಹೊತ್ತು ಮುಣುಗಿದಾಗ ಹೊಂಟ್ರ
ಬೆಳ್ಳಿಚುಕ್ಕಿ ಕಾಣೂತನಕ ನಡಿಯೋ ಹಾಡು.
ನಡುವ ಬೀಡಿ ಅದ, ಮಳಿ ಬಂದ್ರ ಗುಡಿಯೊಳಗ ಓಡೋದದ,
ಎಲ್ಲಾಕಿಂತ ಹೆಚ್ಚಿಗಿ, ಎದುರು ಮೇಳದ ಸವಾಲದ.
ನಮ್ದು ಹೆಣ್ಣು ಹೆಚ್ಚು ಅನ್ನೋ ಪಕ್ಷ,
ಗಂಡು ಹೆಚ್ಚು ಅನ್ನೋರು ಮಾರಿಗೆ ಮಾರಿ ನಿಂತಿರಬೇಕು.
"ಇಲ್ಲಿ ಯಾರ ಕೂಡ ಜಿದ್ದು ಮಾಡ್ಲಿ,
ಈ ಗಾಜಿನ ಕೂಡ?" ಅಂದ್ಲು.

ಎರಡು ದಿವಸ ಗಾಜಿಗೇ ಹಾಡಿದ್ಲು.
ತಿರುಗಿ ಹಾಕಿ ಕೇಳಿದ್ರ
ಯಾರೋ ಬಾಯಾರು ಪಾಠ ಓದಿದಂಗ.
ಹುಸೇನಿ ದಪ್ಪಿಗೆ ಬಿಸಿಲು ಕಾಸ್ಕೊಂಡು ಬಂದ,
ನಾ ತಂತಿ ಬದಲಿಸಿದೆ.
ಉಪಯೋಗ ಆಗ್ಲಿಲ್ಲ.

ಮೂರನೇ ದಿವಸ ಚಹಾ ತಂದ ಹುಡುಗ.
ತಲಿತುಂಬ ಅರಳಿ ಧೂಳು, ಹನ್ನೆರಡು ವರ್ಷ ಇದ್ದಿರಬೇಕು,
ಮನ್ಯಾಗ ತೆಲುಗು, ಓಣ್ಯಾಗ ಮರಾಠಿ,
ಕನ್ನಡ ಒಂದಕ್ಷರ ಇಲ್ಲ.
ನೀಲವ್ವ ರಟ್ಟಿ ಹಿಡಿದು ತನ್ನ ಗೂಡಿನೊಳಗ ಎಳೆದು
"ನೀ ಗಂಡಸು. ಕುಂದರು.
ನಿನ್ನ ಕೂಡ ಜಗಳ ಅದ" ಅಂದ್ಲು.

ಒಂಬತ್ತು ತಿಂಗಳ ಲೆಕ್ಕ ಹೇಳೋ ಗಂಡ್ಸಾ,
ನಿನ್ನ ವಹಿಯೊಳಗ ಎಲ್ಲಿ ಬರೆದಿ?

ಹುಡುಗ ಮೊದ್ಲು ಅಂಜಿದ. ಆಮ್ಯಾಲೆ ನಕ್ಕ.
ನಗುವಾಗೇ ಅಂಗಿ ಕಿಸೆಗೆ ಕೈ ಹಾಕಿ
ಎರಡು ರೂಪಾಯಿ ಅಕಿ ಉಡಿಯಾಗ ಇಟ್ಟ.
ರೊಕ್ಕ ಬಿತ್ತಂದ್ರ ಹೆಸರು ಹೇಳಬೇಕು, ಅದು ಮೇಳದ ರೀತಿ.
ರಾಗ ಬಿಡದೇ ಗದ್ದ ಎತ್ತಿ ಕೇಳಿದ್ಲು,
ರಾಗದಾಗೇ ಹೇಳಿದ್ಲು:
ಯಲ್ಲಾದಾಸ ಗಜ್ಜಮ್ ಅವರ ಆಯೇರಿ ಎರಡು ರೂಪಾಯಿ
ಜೀ ಜೀ ಗೀಯ ಗಾ...
ನಾ ಹೊಳ್ಳಿ ನೋಡಾಕ ಹೋಗಿ
ಒಂದು ಪೆಟ್ಟು ತಪ್ಪಿದೆ.
ಅಳಿಸೋ ಗುಂಡಿ ಮ್ಯಾಲಿಂದ ವಿಲಾಸ ಕೈ ತೆಗೆದ.
"ರಾಹೂ ದೇ."
ಕಡೀ ಜೀ ಮುಗಿಯೂದ್ರಾಗ ಕೆಳಗ ಮಗ್ಗ ಸುರುವಾದ್ವು,
ಅದೂ ಕ್ಯಾಸೆಟ್ಟಿನ್ಯಾಗ ಕೇಳ್ತದ, ಖಟ್ ಖಟ್, ಲಕ್ಷ್ಯಗೊಟ್ರ.

ಆ ಎರಡು ರೂಪಾಯಿ ಹೋಟೆಲ್ ಮಾಲಕನ ಚಹಾದ ರೊಕ್ಕ,
ಸಂಜಿಗೆ ತಿಳೀತು.
ತಿರುಗಿ ಕೊಡೂಣು ಅಂದೆ.
"ಹೆಸರು ಹೇಳಿದ ಮ್ಯಾಲೆ ತಿರುಗಿ ಕೊಡಬಾರದು" ಅಂದ್ಲು ನೀಲವ್ವ,
ಅಕಿ ಗುರು ಹಂಗ ಕಲಿಸಿದ್ದನಂತ.
ನಾಲ್ಕನೇ ದಿವಸ
ಬ್ಯಾರೆ ಹುಡುಗ ಚಹಾ ತಂದ.

ಐದುನೂರು ಕ್ಯಾಸೆಟ್ಟು ಹೊಡೆಸಿದ್ವಿ.
ರಟ್ಟಿನ ಮ್ಯಾಲೆ ಹಿಮದ ಗುಡ್ಡದ ಪಡದಾ, ಮುಂದ ನಾವು,
ಅಚ್ಚಿನಾಂವ ನೀಲವ್ವನ ದೀರ್ಘ ನುಂಗಿ ನಿಲವ್ವ ಮಾಡಿದ್ದ.
ಜತ್ತದ ಜೀಪಿನವರು ಹಗಲೆಲ್ಲ ಹಾಕ್ತಿದ್ರು.
"ಯಾರ್ರೀ ಈ ಯಲ್ಲಾದಾಸ?"
"ದೊಡ್ಡ ಸಾವಕಾರ," ಅಂತಿದ್ದ ಹುಸೇನಿ,
"ಸೊಲ್ಲಾಪುರದಾಗ ಹದಿನಾರು ಮಗ್ಗ."
ಮಂದಿ ತಲಿ ಹಾಕ್ತಿದ್ರು. ನಾನೂ ನಗ್ತಿದ್ದೆ.

ಈಗ ನನ್ನ ಕಡೆ ಒಂದೇ ಉಳಿದದ.
ನಾಡಿ ಸಡ್ಲಾದ್ರ ಪೆನ್ಸಿಲ್ ಹಾಕಿ ತಿರುವ್ತೀನಿ.
ಅವನ ಹೆಸರು ಬರ್ತದ,
ಹಿಂದೇ ಬರಬೇಕಾದ ಪೆಟ್ಟು ಬರೂದಿಲ್ಲ.
ಅಲ್ಲಿಗೆ ಬಂದಾಗೆಲ್ಲ
ಕೈ ತಾನಾಗೇ ತೊಡಿ ಮ್ಯಾಲೆ ಬೀಳ್ತದ,
ಹೊತ್ತು ಮೀರಿ.